ಗುಡ್ಡ ಬಲಕ್ಕೆ, ಸಮುದ್ರ ಎಡಕ್ಕೆ

ನನ್ನ ಗಂಡ ಸುಳ್ಳು ಹೇಳುವವರಲ್ಲ, ಮುಂದೂಡುವವರು. ಎರಡಕ್ಕೂ ಏನು ಫರಕು ಎಂದು ಕೇಳಬೇಡಿ. ಸುಳ್ಳು ಹೇಳುವವರ ಹತ್ತಿರ ಒಂದು ದಿನ ಜಗಳ ತೆಗೆದು ಮುಗಿಸಬಹುದು. ಮುಂದೂಡುವವರ ಹತ್ತಿರ ಜಗಳಕ್ಕೂ ಜಾಗವಿರುವುದಿಲ್ಲ. ‘ಹೇಳ್ತೀನಿ ಅಂದೀನಲ್ಲ’ ಎನ್ನುತ್ತಾರೆ. ಹೇಳುತ್ತೇನೆ ಎಂದವರನ್ನು ಏನಂತ ಬೈಯುವುದು?

ಇವರು ತಮ್ಮ ತಾಯಿಗೆ ಹೇಳಬೇಕಿದ್ದದ್ದು ಒಂದೇ ಮಾತು. ನಿನ್ನ ಸೊಸೆಗೆ ಶಾಲೆಯ ನೌಕರಿ ಬಂದಿದೆ, ಅವಳು ನಾರಾಯಣಖೇಡದ ಕಡೆ ಹೋಗಿ ಇರುತ್ತಾಳೆ. ಇಷ್ಟೇ. ಮದುವೆಗೆ ಮೊದಲು, ಜಹೀರಾಬಾದಿನ ತವರುಮನೆಯಲ್ಲಿದ್ದಾಗ, ಗಡಿಯ ಕನ್ನಡ ಮಾಧ್ಯಮದ ಶಾಲೆಗಳ ಶಿಕ್ಷಕರ ಪರೀಕ್ಷೆ ಬರೆದಿದ್ದೆ. ಮದುವೆಯಾಗಿ ತಾಂಡೂರಿಗೆ ಬಂದು ವರ್ಷದ ಮೇಲಾಗಿತ್ತು. ಆ ಪರೀಕ್ಷೆ ನನಗೇ ಮರೆತುಹೋಗುವ ಹೊತ್ತಿಗೆ ಅಪ್ಪನ ಫೋನು ಬಂತು. ನಾರಾಯಣಖೇಡದ ಆಚೆ, ಮನೂರಿನ ಕಡೆಯ ಒಂದು ಹಳ್ಳಿಯ ಶಾಲೆ ನನಗೆ ಸಿಕ್ಕಿತ್ತು. ತಾಂಡೂರಿನಿಂದ ದಿನಾ ಹೋಗಿ ಬರುವ ದೂರವಲ್ಲ. ಅಲ್ಲೇ ಒಂದು ಖೋಲಿ ಹಿಡಿದು ಇರಬೇಕು. ಆ ಮಾತು ಕೇಳಿದಾಗ ನನಗೆ ಆದ ಖುಷಿಯನ್ನು ಅಡುಗೆಮನೆಯಲ್ಲಿ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ಒಬ್ಬಳೇ ಅನುಭವಿಸಿದೆ.

ಆಗ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಮ್ಮೆ, ಅಂದರೆ ಮುಷ್ಕರ, ನಡೆದಿತ್ತು. ಶಾಲೆ, ಕಚೇರಿ, ಬಸ್ಸು ಎಲ್ಲ ಬಂದ್. ಸಮ್ಮೆ ಮುಗಿದು ಶಾಲೆಯ ಬಾಗಿಲು ತೆರೆದ ಕೂಡಲೇ ನಾನು ಹೋಗಿ ಹಾಜರಾಗಬೇಕು, ಇಲ್ಲದಿದ್ದರೆ ಆ ಜಾಗ ನನ್ನ ನಂತರದವರಿಗೆ ಹೋಗುತ್ತದೆ ಎಂದು ಅಪ್ಪ ಎಚ್ಚರಿಸಿದ್ದರು. ಅಂದರೆ ಊರಿನವರೆಲ್ಲ ರಾಜ್ಯ ಬರಲಿ ಎಂದು ದಾರಿ ನೋಡುತ್ತಿದ್ದರೆ, ನಾನೊಬ್ಬಳು ನನ್ನ ಗಂಡ ಬಾಯಿ ತೆರೆಯಲಿ ಎಂದು ದಾರಿ ನೋಡುತ್ತಿದ್ದೆ. ರಾಜ್ಯವೇ ಮೊದಲು ಬಂದೀತು ಎಂದು ನನಗೆ ಅನ್ನಿಸಿತ್ತು.

ನಾನೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಅತ್ತೆಯನ್ನು ನೀವು ನೋಡಿಲ್ಲ. ಕೆಟ್ಟವರಾಗಿದ್ದರೆ ಸಲೀಸಿತ್ತು. ಒಂದು ದಿನ ಹೊಡೆದಿಲ್ಲ, ಬೈದಿಲ್ಲ, ತವರಿನವರನ್ನು ಹಂಗಿಸಿಲ್ಲ. ಶನಿವಾರ ಬಂದರೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ತಿಕ್ಕುವವರು. ಆದರೆ ಕೊತ್ತಂಬರಿ ತರಲು ಓಣಿಯ ತುದಿಗೆ ಹೋದರೂ ಜೊತೆಗೆ ಅವರೇ. ಗುಡಿಗೆ ಹೋದರೂ ಅವರೇ. ಹಿತ್ತಲಿಗೆ ಹೋಗಿ ಎರಡು ನಿಮಿಷ ತಡವಾದರೆ ‘ಎಲ್ಲಿದ್ದೆವಾ?’ ಎಂದು ದನಿ. ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತ ಕೂತರೆಂದರೆ ಬಾಗಿಲು ಇದ್ದೂ ಇಲ್ಲದ ಹಾಗೆ. ದಾಟಿ ಹೋಗಲು ಹಿರಿಯರನ್ನು ಏಳಿಸಬೇಕು, ಎಲ್ಲಿಗೆ ಎಂದು ಹೇಳಬೇಕು. ಎಷ್ಟೋ ಸಲ ಎಲ್ಲಿಗೆ ಎಂದು ನನಗೇ ಗೊತ್ತಿರುತ್ತಿರಲಿಲ್ಲ, ಸುಮ್ಮನೆ ಹೊರಗೆ ಹೋಗಬೇಕು ಅನ್ನಿಸುತ್ತಿತ್ತು, ಅಷ್ಟೇ.

ನಮ್ಮ ಓಣಿಯ ಮುಂದಿನ ಚೌಕದಲ್ಲಿ ಹೋರಾಟದ ಟೆಂಟು ಹಾಕಿದ್ದರು. ದಿನಾ ಭಾಷಣ, ಹಾಡು, ಡಪ್ಪಿನ ಬಡಿತ. ಕೆಲವು ದಿನ ರಸ್ತೆಯ ನಡುವೆಯೇ ಒಲೆ ಹೂಡಿ ಅಡುಗೆ ಮಾಡಿ ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಅದರ ವಾಸನೆ ನಮ್ಮ ಮನೆಯೊಳಗೆ ಬರುತ್ತಿತ್ತು, ನಾನು ಮಾತ್ರ ಅಲ್ಲಿಗೆ ಹೋಗುವಂತಿರಲಿಲ್ಲ. ಅತ್ತೆ ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡು, ‘ಬ್ಯಾರೆ ಆಗ್ಲಿ ಬಿಡು, ಎಷ್ಟು ದಿನ ಒಬ್ಬರ ಕೈಯಾಗ ಇರೂದು?’ ಎನ್ನುತ್ತಿದ್ದರು. ಅದೇ ಬಾಯಲ್ಲಿ, ಎದುರುಮನೆಯ ಸೊಸೆ ಬೇರೆ ಒಲೆ ಹೂಡಿದ್ದಕ್ಕೆ ‘ಮನಿ ಮುರದ್ಲು ನೋಡು’ ಎಂದು ಲಟಿಕೆ ಮುರಿಯುತ್ತಿದ್ದರು. ಇಂಥವರ ಮುಂದೆ ಹೋಗಿ ನಾನು ಬೇರೆ ಊರಿನಲ್ಲಿ ಇರುತ್ತೇನೆ ಎನ್ನುವ ಧೈರ್ಯ ನನಗಿರಲಿಲ್ಲ. ಮಗ ಹೇಳಿದರೆ ಕೇಳಿಯಾರು ಎಂಬ ಆಸೆ ಇತ್ತು.

ಇವರು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸುಪರ್ವೈಜರ್. ನಮ್ಮ ಕಡೆ ನೆಲದಲ್ಲಿ, ಮನೆಗಳಿಗೆ ಹಾಸುವ ಫರ್ಸಿ ಕಲ್ಲು ಹಾಸುಹಾಸಾಗಿ ಬಿದ್ದಿರುತ್ತದೆ, ಅದನ್ನು ಖಣಿಯಿಂದ ತೆಗೆದು, ಕೊಯ್ದು, ನುಣುಪು ಮಾಡಿ ಕಳಿಸುತ್ತಾರೆ. ಸಮ್ಮೆಯ ದಿನಗಳಲ್ಲಿ ಕರೆಂಟು ಇಲ್ಲದೆ ಯಂತ್ರಗಳೆಲ್ಲ ನಿಂತಿದ್ದವು. ಮನೆಯಲ್ಲಿ ಕೂತು ಕೂತು ಬೇಸತ್ತ ಇವರು ಒಂದು ದಿನ ತಾಯಿಯನ್ನು ಕೇಳಿದರು: ‘ಅವ್ವಾ, ಸಮುದ್ರ ನೋಡಬೇಕಂತಿದ್ದೆಲ್ಲ, ಹೋಗೂಣೇನು?’ ನನ್ನನ್ನು ಒಳಗೆ ಕರೆದು ಹೇಳಿದರು: ‘ಊರು ಬಿಟ್ಟು ಹೊರಗ ಹೋದ್ರ ಅವ್ವನ ಮನಸ್ಸು ಹಗುರ ಇರ್ತದ. ಅಲ್ಲಿ ಹೇಳ್ತೀನಿ. ಪಕ್ಕಾ.’

ರೈಲಿನಲ್ಲಿ ಹೇಳುತ್ತೇನೆ ಎಂದರು, ವಾಡಿ ಬಂತು, ಹೋಯಿತು. ಹುಬ್ಬಳ್ಳಿಯಲ್ಲಿ ಹೇಳುತ್ತೇನೆ ಎಂದರು, ಅಲ್ಲಿ ಅತ್ತೆಗೆ ಹೊಟ್ಟೆ ಸರಿ ಇರಲಿಲ್ಲ. ಘಟ್ಟ ಇಳಿಯುವ ಬಸ್ಸಿನಲ್ಲಿ ಮೂವರೂ ವಾಂತಿ ಮಾಡಿಕೊಳ್ಳುವುದರಲ್ಲಿದ್ದೆವು. ಕಾರವಾರದ ಕೆಳಗಿನ ಒಂದು ಸಣ್ಣ ಊರಿನಲ್ಲಿ ಇಳಿದು ಲಾಡ್ಜು ಹಿಡಿದರೆ ಮೂವರಿಗೂ ಒಂದೇ ಕೋಣೆ, ಒಂದೇ ಮಂಚ. ಮಂಚದ ಮೇಲೆ ಅತ್ತೆ ಮತ್ತು ನಾನು, ನೆಲದ ಮೇಲೆ ಇವರು. ತಾಂಡೂರಿನ ಮನೆಯಲ್ಲಿ ನಡುವೆ ಒಂದು ಗೋಡೆಯಾದರೂ ಇತ್ತು.

ಲಾಡ್ಜಿನ ಮ್ಯಾನೇಜರ್ ನಮ್ಮ ಮಾತು ಕೇಳಿ ‘ನೀವು ಮರಾಠಿಯವರಾ?’ ಎಂದ. ಕನ್ನಡವೇ ಆಡುತ್ತಿದ್ದೇವೆ ಎಂದರೆ ನಂಬಲಿಲ್ಲ. ಆದರೂ ಒಳ್ಳೆಯವನು. ಹತ್ತಿರದಲ್ಲೇ ಒಂದು ಗುಡ್ಡವಿದೆ, ನೆತ್ತಿಯ ಮೇಲೆ ಚಿಕ್ಕ ಗುಡಿ ಇದೆ, ಗುಡ್ಡವನ್ನು ಬಳಸಿ ನಡೆಯುವ ಕಾಲುದಾರಿ ಮಾಡಿದ್ದಾರೆ, ಹೊರಟ ಗೇಟಿಗೇ ವಾಪಸು ಬರುತ್ತೀರಿ, ದಾರಿಯುದ್ದಕ್ಕೂ ಸಮುದ್ರ ಕಾಣುತ್ತದೆ ಎಂದ. ಅತ್ತೆಯ ಕಣ್ಣು ಅರಳಿತು.

‘ದೇವರು ನಡು, ನಾವು ಸುತ್ತ. ಅಂದ್ರ ಪ್ರದಕ್ಷಿಣಿನೇ ಆತಲ್ಲ!’

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ನಿಂತೆವು. ಅಲ್ಲಿನ ಬೋರ್ಡಿನ ಮೇಲೆ ಇದು ಮಧ್ಯಮ ಕಷ್ಟದ ದಾರಿ ಎಂದು ಬರೆದಿತ್ತು. ಯಾರಿಗೆ ಮಧ್ಯಮವೋ ಬರೆದಿರಲಿಲ್ಲ. ನಾವು ಮೂವರೂ ಸಪಾಟು ನೆಲದ ಜನ, ನಮ್ಮಲ್ಲಿ ಏರು ಎಂದರೆ ಆಸ್ಪತ್ರೆಯ ಮೆಟ್ಟಿಲು. ಅತ್ತೆ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಗುಡ್ಡ ಬಲಗೈಗೆ ಬರಬೇಕು, ಇಲ್ಲದಿದ್ದರೆ ಪ್ರದಕ್ಷಿಣೆ ಆಗುವುದಿಲ್ಲ ಎಂದು ಕೈ ಮಾಡಿ ತೋರಿಸಿದರು. ಪುಣ್ಯಕ್ಕೆ ಕಲ್ಲುಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಬಾಣಗಳೂ ಅದೇ ದಿಕ್ಕಿಗೆ ಇದ್ದವು. ‘ನೀ ಮುಂದ ನಡಿ, ಕಣ್ಣಿಗಿ ಕಾಣೂಹಂಗಿರು’ ಎಂದು ನನ್ನನ್ನು ಮುಂದೆ ಬಿಟ್ಟರು. ನನ್ನ ಹಿಂದೆ ಅವರು, ಅವರ ಹಿಂದೆ ರೊಟ್ಟಿಯ ಗಂಟು ಹೊತ್ತ ಇವರು. ಒಬ್ಬರು ಮಾತ್ರ ನಡೆಯುವಷ್ಟು ದಾರಿ. ನಾನು ಸ್ವಲ್ಪ ಜೋರಾಗಿ ನಡೆದರೆ ಹಿಂದಿನಿಂದ ‘ಸಾವಕಾಶವಾ’ ಎಂಬ ದನಿ ಬರುತ್ತಿತ್ತು.

ಏರು ಅರ್ಧ ಮುಗಿದು, ದಾರಿ ಗುಡ್ಡದ ಹೆಗಲಿಗೆ ತಿರುಗಿದ ಕಡೆ, ಸಮುದ್ರ ಒಮ್ಮೆಲೇ ಕಾಣಿಸಿತು. ನಾನು ನಿಂತುಬಿಟ್ಟೆ. ಎಡಕ್ಕೆ, ಮುಂದಕ್ಕೆ, ಎಲ್ಲಿ ನೋಡಿದರೂ ನೀರು, ನೀರಿನ ಆಚೆ ಏನೂ ಇಲ್ಲ. ಅತ್ತೆ ಬಂದು ಪಕ್ಕದಲ್ಲಿ ನಿಂತರು, ಏದುಸಿರು ಬಿಡುತ್ತಿದ್ದರು.

‘ಇದಕ್ಕ ಆ ಕಡಿ ದಂಡಿನೇ ಇಲ್ಲೇನು?’

‘ಅದ ಅವ್ವಾ, ಭಾಳ ದೂರ’ ಎಂದರು ಇವರು.

ಸಮುದ್ರ ನೋಡಿದರೆ ಮನಸ್ಸು ಬಿಚ್ಚಿಕೊಳ್ಳುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಉಸಿರು ಕಟ್ಟಿದ ಹಾಗಾಯಿತು. ಕಣ್ಣ ಮುಂದೆ ಇಷ್ಟು ಬಯಲಿದೆ, ನನಗೆ ಮಾತ್ರ ಮುಂದೆ ಬಾಣ, ಹಿಂದೆ ಅತ್ತೆ. ಇನ್ನರ್ಧ ಸುತ್ತು ಮುಗಿದರೆ ಮತ್ತೆ ಅದೇ ಗೇಟು, ಅದೇ ಲಾಡ್ಜು, ಅದೇ ರೈಲು, ಅದೇ ಹೊಸ್ತಿಲು. ಹಿಂದಿನ ದಿನವೇ ಸಮ್ಮೆ ಸಡಿಲವಾಗುತ್ತಿದೆ ಎಂದು ಲಾಡ್ಜಿನ ಟೀವಿಯಲ್ಲಿ ಹೇಳಿದ್ದರು. ಇವರ ಕಡೆ ತಿರುಗಿ ಕಣ್ಣಲ್ಲೇ ‘ಈಗ’ ಎಂದೆ.

ಇವರು ಗಂಟಲು ಸರಿಮಾಡಿಕೊಂಡರು. ‘ಅವ್ವಾ, ಒಂದು ಮಾತು.’

‘ಏನಪಾ?’

ಇವರು ನನ್ನನ್ನು ನೋಡಿದರು, ಸಮುದ್ರ ನೋಡಿದರು, ಕೈಯಲ್ಲಿದ್ದ ಗಂಟು ನೋಡಿದರು.

‘ರೊಟ್ಟಿ ಈಗ ತಿನ್ನೂಣೋ, ಆಮ್ಯಾಲ ತಿನ್ನೂಣೋ?’

ಆ ಗಂಟು ಕಸಿದುಕೊಂಡು ಸಮುದ್ರಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಬೆಳಿಗ್ಗೆ ಬೇಗ ಎದ್ದಿದ್ದರಿಂದ ನನಗೂ ಹಸಿವಾಗಿತ್ತು. ಆಮೇಲೆ ತಿಂದರಾಯಿತು ಎಂದು ಅತ್ತೆ ನಡೆದರು, ನಾವೂ ನಡೆದೆವು.

ಸಮುದ್ರದ ಬದಿಗೆ ದಾರಿ ಇಳಿಯುತ್ತ ಹೋಯಿತು. ಇಳಿದು ಇಳಿದು ನೀರಿಗೆ ಹತ್ತಿರ ಬಂದ ಕಡೆ ದಾರಿಯೇ ಇರಲಿಲ್ಲ. ದೊಡ್ಡ ಮರವೊಂದು ಬುಡಸಮೇತ ಉರುಳಿ, ಜೊತೆಗೆ ಗುಡ್ಡದ ಮಣ್ಣನ್ನೂ ಎಳೆದುಕೊಂಡು ಬಿದ್ದಿತ್ತು. ಮೇಲೆ ಮುಳ್ಳುಕಂಟಿ, ಹತ್ತುವಂತಿಲ್ಲ. ನಾನು ಹೇಳಿದೆ: ‘ಬಂದ ದಾರಿಲೇ ಹೊಳ್ಳಿ ಹೋಗೂಣ್ರಿ.’

‘ಹೊಳ್ಳಿ?’ ಅತ್ತೆ ನಾನು ಕೆಟ್ಟ ಮಾತು ಆಡಿದವಳಂತೆ ನೋಡಿದರು. ‘ಪ್ರದಕ್ಷಿಣಿ ಹಚ್ಚಿದ ಮ್ಯಾಲ ನಡುವ ಹೊಳ್ಳತಾರೇನು? ಗುಡ್ಡ ಎಡಕ್ಕ ಬರ್ತದ. ಸುತ್ತು ಒಡದ್ರ ಮನಿಗೆ ಛಲೋ ಅಲ್ಲ.’

ಮರದ ಕೆಳಗೆ, ಗುಡ್ಡದ ಪಾದದಲ್ಲಿ, ನೀರಿನ ಅಂಚಿಗೆ ಬಂಡೆಗಳ ಹಾಸು ಇತ್ತು. ಅಗಲವಾಗಿ, ಮಟ್ಟಸವಾಗಿ, ಗುಡ್ಡದ ಮೂಲೆಯನ್ನು ಬಳಸಿಕೊಂಡು ಆ ಕಡೆಗೆ ಹೋಗಿತ್ತು. ಅದನ್ನು ಕಂಡದ್ದೇ ಇವರ ಮುಖಕ್ಕೆ ಕಳೆ ಬಂತು. ಊರು ಬಿಟ್ಟ ಮೇಲೆ ಮೊದಲ ಸಲ ಇವರಿಗೆ ಗೊತ್ತಿರುವ ವಸ್ತು ಕಣ್ಣಿಗೆ ಬಿದ್ದಿತ್ತು. ಕೆಳಗಿಳಿದು ಕಾಲಿನಿಂದ ತಟ್ಟಿ ನೋಡಿದರು. ಬಂಡೆಯ ಗೋಡೆಯ ಮೇಲೆ, ನಮ್ಮ ಎದೆಯ ಮಟ್ಟಕ್ಕೆ, ಕರ್ರಗೆ ಒಂದು ಗೆರೆ ಉದ್ದಕ್ಕೂ ಇತ್ತು. ಗೆರೆಯ ಕೆಳಗೆ ಕಲ್ಲು ಪಾಚಿಗಟ್ಟಿತ್ತು, ಮೇಲೆ ಒಣಗಿತ್ತು.

‘ಇದು ನೀರು ನಿಂತ ಗುರುತು’ ಎಂದರು ಇವರು, ಕಾರ್ಖಾನೆಯ ದನಿಯಲ್ಲಿ. ‘ನಮ್ಮ ಖಣಿಯಾಗೂ ಹಿಂಗ ಇರ್ತದ. ಮಳಿಗಾಲದಾಗ ಇಲ್ಲೀತನ ತುಂಬತದ, ಆಮ್ಯಾಲ ಇಳೀತದ. ಈಗ ಆಕಾಶದಾಗ ಒಂದು ಮೋಡ ಇಲ್ಲ. ನೀರು ಎಲ್ಲಿಂದ ಬರ್ತದ? ಬರ್ರಿ, ಏನಾಗಂಗಿಲ್ಲ.’

ಈಗ ನಗು ಬರುತ್ತದೆ. ಆಗ ಬರಲಿಲ್ಲ, ಏಕೆಂದರೆ ನಾನೂ ಹಾಗೇ ತಿಳಿದಿದ್ದೆ. ಸಮುದ್ರ ಉಬ್ಬುತ್ತದೆ, ಇಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕು ತೆಗೆದುಕೊಂಡವಳು ನಾನು. ಆದರೆ ಅದು ಪರೀಕ್ಷೆಯ ಸಮುದ್ರ. ನಮ್ಮ ನಾಡಿನಲ್ಲಿ ನೀರು ಮೇಲಿನಿಂದ ಬರುತ್ತದೆ. ಬರದಿದ್ದರೆ ಇಲ್ಲ. ಮಗ್ಗುಲಿನಿಂದ ನೀರು ಬರುತ್ತದೆ ಎಂದು ನಮ್ಮ ಮೈಗೆ ಗೊತ್ತಿರಲಿಲ್ಲ.

ಹಾಸಿನ ಮೇಲೆ ನಡೆಯುವುದು ಗುಡ್ಡದ ದಾರಿಗಿಂತ ಸುಖವಾಗಿತ್ತು. ಒಂದು ಮೂಲೆ ದಾಟಿದ ಮೇಲೆ ಗುಡ್ಡ ಒಳಕ್ಕೆ ಬಾಗಿ, ಮನೆಯ ಪಡಸಾಲೆಯಂಥ ಜಾಗ ಸಿಕ್ಕಿತು. ನೆರಳಿತ್ತು, ಗಾಳಿ ಇತ್ತು. ಆ ಕಡೆಯ ಮೂಲೆಯೊಂದನ್ನು ದಾಟಿದರೆ ದಾರಿ ಮತ್ತೆ ಸಿಗುತ್ತದೆ ಎಂದು ಇವರು ಹೋಗಿ ನೋಡಿಕೊಂಡು ಬಂದರು. ಹಾಗಾದರೆ ಅವಸರವೇನು ಎಂದು ಅಲ್ಲೇ ಕೂತೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಉಂಡ ಮೇಲೆ ಇವರು ಕಲ್ಲಿನ ಮೇಲೆ ಮೈಚಾಚಿದರು, ಚಾಚಿದವರೇ ಗೊರಕೆ ಹೊಡೆದರು. ಅತ್ತೆಯೂ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಎಷ್ಟೋ ತಿಂಗಳ ಮೇಲೆ ಯಾರ ಕಣ್ಣೂ ನನ್ನ ಮೇಲೆ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಸಮುದ್ರ ನೋಡುತ್ತ ಕೂತೆ, ಮುಂದೆ ಆ ಹಳ್ಳಿಯ ಮಕ್ಕಳಿಗೆ ಇದನ್ನು ಹೇಗೆ ವರ್ಣಿಸಲಿ ಎಂದು ಯೋಚಿಸುತ್ತ. ಅಷ್ಟರಲ್ಲಿ ನನಗೂ ಜೊಂಪು ಹತ್ತಿತು.

ಎಚ್ಚರವಾದದ್ದು ಕಾಲು ಒದ್ದೆಯಾಗಿ. ಇವರ ಒಂದು ಚಪ್ಪಲಿ ನೀರಿನ ಮೇಲೆ ತೇಲುತ್ತ ಹೊರಟಿತ್ತು.

‘ಏಳ್ರಿ! ನೀರು ಬಂದದ, ಏಳ್ರಿ!’

ಇವರು ಎದ್ದು ಮೊದಲು ಆಕಾಶ ನೋಡಿದರು, ನನ್ನಾಣೆ. ಮೋಡ ಇರಲಿಲ್ಲ. ಆಮೇಲೆ ಓಡಿದರು. ಮುಂದಿನ ಮೂಲೆಯಲ್ಲಿ ಹಾಸು ಕಾಣುತ್ತಲೇ ಇರಲಿಲ್ಲ, ಸೊಂಟದ ಮಟ್ಟ ನೀರು, ತೆರೆ ಬಂದು ಬಂಡೆಗೆ ಬಡಿದು ಹಾರುತ್ತಿತ್ತು. ಹಿಂದಿನ ಮೂಲೆಗೆ ಓಡಿದರೆ ಅಲ್ಲೂ ಅದೇ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಮೊಬೈಲು ತೆಗೆದು ನೋಡಿದರೆ ಸಿಗ್ನಲ್ ಇಲ್ಲ. ಕೂಗಿದೆವು. ತೆರೆಯ ಸದ್ದಿನಲ್ಲಿ ನಮ್ಮ ಕೂಗು ನಮಗೇ ಕೇಳಿಸಲಿಲ್ಲ. ಹಿಂದಿನ ಗೋಡೆಯಲ್ಲಿ, ಆ ಕಪ್ಪು ಗೆರೆಗಿಂತ ಮೇಲೆ, ಹೊರಸಿನಷ್ಟು ಅಗಲದ ಒಂದು ಕಟ್ಟೆ ಚಾಚಿಕೊಂಡಿತ್ತು. ಇವರು ಕೆಳಗಿನಿಂದ ಹೆಗಲು ಕೊಟ್ಟು, ನಾನು ಮೇಲಿನಿಂದ ರಟ್ಟೆ ಹಿಡಿದು ಎಳೆದು, ಹೇಗೋ ಅತ್ತೆಯನ್ನು ಅದರ ಮೇಲೆ ಹತ್ತಿಸಿದೆವು. ಮೂವರೂ ಗೋಡೆಗೆ ಬೆನ್ನು ಹಚ್ಚಿ ಕೂತೆವು. ನಡುವೆ ಅತ್ತೆ. ಒಂದು ಕೈಯಲ್ಲಿ ಮಗನ ಕೈ, ಇನ್ನೊಂದರಲ್ಲಿ ನನ್ನದು. ಬಳೆ ಮುರಿದು ಮಣಿಕಟ್ಟಿಗೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದರು.

ಹೆದರಿಕೆ ಎಂದರೆ ಏನೆಂದು ಆವತ್ತು ತಿಳಿಯಿತು. ನೀರು ಗೆರೆಯ ಹತ್ತಿರ ಬಂತು. ಇವರು ‘ಗುರುತು ದಾಟಂಗಿಲ್ಲ, ಗುರುತು ದಾಟಂಗಿಲ್ಲ’ ಎಂದು ಜಪ ಮಾಡುತ್ತಿದ್ದರು. ಅತ್ತೆ ನೆತ್ತಿಯ ಮೇಲಿನ ದೇವರನ್ನು ಕರೆಯುತ್ತಿದ್ದರು. ಹೆಸರು ಗೊತ್ತಿಲ್ಲದ್ದರಿಂದ ಸುಮ್ಮನೆ ‘ಯಪ್ಪಾ, ಯಪ್ಪಾ’ ಎನ್ನುತ್ತಿದ್ದರು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಲ್ಲೇ ಸತ್ತರೆ ಒಂದು ದಿನವೂ, ಒಂದೇ ಒಂದು ಬೆಳಿಗ್ಗೆಯೂ, ನನ್ನ ಶಾಲೆಯ ಬಾಗಿಲಲ್ಲಿ ನಿಲ್ಲದೆ ಸಾಯುತ್ತೇನಲ್ಲ ಎಂದು ಹೊಟ್ಟೆ ಉರಿಯಿತು. ಯಾರ ಮುಲಾಜು ಇನ್ನು?

‘ಏನ್ರಿ, ಈಗರೇ ಹೇಳ್ತೀರೋ, ಇಲ್ಲೋ?’ ಎಂದು ಅತ್ತೆಯ ತಲೆಯ ಮೇಲಿನಿಂದ ಕೂಗಿದೆ.

ಇವರು ಜಪ ನಿಲ್ಲಿಸಿದರು.

‘ಏನದು? ಏನು ಹೇಳೂದದ?’ ಅತ್ತೆ ಇಬ್ಬರನ್ನೂ ನೋಡಿದರು.

‘ಏನಿಲ್ಲವ್ವಾ’ ಎಂದರು ಇವರು. ಆಮೇಲೆ ನೀರಿನ ಕಡೆ ನೋಡುತ್ತ: ‘ಆಕಿಗಿ ಒಂದು ಸಾಲಿ ನೌಕರಿ ಬಂದಿತ್ತು, ನಾರಾಯಣಖೇಡ ಕಡಿ. ಆಕಿನೇ ಬ್ಯಾಡ ಅಂದ್ಳು. ಅವ್ವನ ಬಿಟ್ಟು ಹ್ಯಾಂಗ ಹೋಗ್ಲಿ ಅಂದ್ಳು.’

ಸುಳ್ಳು ಹೇಳುವವರಲ್ಲ ಎಂದೆನಲ್ಲ, ಜೀವಮಾನದಲ್ಲಿ ನನಗೆ ತಿಳಿದಂತೆ ಹೇಳಿದ್ದು ಅದೊಂದೇ. ಅಷ್ಟು ದಿನ ಮುಂದೂಡಿದ ಮಾತು ಹೊರಬಂದಾಗ ತಿರುವುಮುರುವಾಗಿ ಬಂದಿತ್ತು. ಇನ್ನು ಬಾಯಿ ತೆರೆದರೆ ಗಂಡನ ಮಾತು ತೆಗೆದುಹಾಕಿದ ಹಾಗೆ, ತೆರೆಯದಿದ್ದರೆ ಎಲ್ಲ ಮುಗಿದ ಹಾಗೆ. ಎದ್ದು ಹೋಗೋಣವೆಂದರೆ ಹೊರಸಿನಷ್ಟು ಜಾಗ.

‘ನಾ ಬ್ಯಾಡ ಅಂದಿಲ್ರಿ ಅತ್ತೀ’ ಎಂದೆ. ‘ನಾ ಹೋಗ್ತೀನ್ರಿ. ನೀವು ಹೂಂ ಅನ್ರಿ, ಉಹೂಂ ಅನ್ರಿ, ಸಾಲಿ ತೆರದ ದಿನ ನಾ ಹೋಗ್ತೀನಿ. ನನಗ ಆ ಮನ್ಯಾಗ ಉಸರಾಡಾಕ ಆಗವಲ್ದು.’

ಹೇಳಿದ ಮೇಲೆ ಅಳು ಬಂತು. ಒಂದರ ಹಿಂದೆ ಒಂದು ತೆರೆ ಬಂದು ನಮ್ಮ ಪಾದದ ಕೆಳಗೆ ಬಡಿಯಿತು. ಅತ್ತೆ ನನ್ನ ಕೈ ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ.

‘ಅಲ್ಲಿ ಇರಾಕ ಮನಿ ಸಿಗ್ತದೇನು?’ ಎಂದು ಕೇಳಿದರು.

‘ಒಂದು ಖೋಲಿ ಸಿಗ್ತದಂತ್ರಿ. ನಮ್ಮಪ್ಪ ನೋಡ್ಯಾರ.’

‘ಸಾಕಲ್ಲ. ಇಬ್ಬರಿಗಿ ಒಂದು ಖೋಲಿ ಸಾಕು.’

ಕಣ್ಣೊರಸಿಕೊಂಡು ನಾನು ಇವರ ಕಡೆ ನೋಡಿದೆ. ಅತ್ತೆ ತಲೆ ಅಲ್ಲಾಡಿಸಿದರು. ‘ಈತ ಹ್ಯಾಂಗ ಬರ್ತಾನ? ಈತನ ಕಾರ್ಖಾನಿ ಅದ. ನಾ ಬರ್ತೀನಿ.’

‘ನೀವಾ?’

‘ಯಾಕ? ಲಗ್ನ ಆಗಿ ಆ ಮನಿಗಿ ಬಂದಾಗ ನಾ ನಿನ್ನ ಎದಿಮಟ ಸುದ್ದಾ ಎತ್ತರ ಇರಲಿಲ್ಲ. ಮೊದಲ ಅತ್ತಿ ಹೊಸ್ತಿಲದಾಗ ಕುಂತಿದ್ಲು. ಆಕಿ ಹ್ವಾದ್ಳು, ಮಾವ ಕುಂತ. ಆಮ್ಯಾಲ ಈತನ ಅಪ್ಪ. ಎಲ್ಲಾರೂ ಹ್ವಾದ ಮ್ಯಾಲ ನಾ ಹೊಸ್ತಿಲಿಗಿ ಬಂದೆ. ಅಲ್ಲಿಂದ ಓಣಿ ಕಾಣ್ತದ, ಚೌಕ ಕಾಣ್ತದ. ಅಷ್ಟರೇ ಕಾಣಲಿ ಅಂತ ಕೂಡ್ತೀನಿ. ಕೊತ್ತಂಬರಿ ತರಾಕ ನಿನ್ನ ಹಿಂದ ಯಾಕ ಬರ್ತೀನಿ ಅಂದುಕೊಂಡಿ? ನಿನ್ನ ಕಾಯಾಕೇನು?’ ಅವರು ನನ್ನ ಕೈಯನ್ನು ಒಮ್ಮೆ ಅಲುಗಿಸಿದರು. ‘ನಿನಗೊಬ್ಬಾಕಿಗೇ ಹೊರಗ ಬೀಳಬೇಕಂತ ಅನಸ್ತದೇನು?’

‘ಅವ್ವಾ, ನನಗ ರೊಟ್ಟಿ ಯಾರು ಮಾಡ್ತಾರ?’ ಎಂದರು ಇವರು. ಅಷ್ಟೆಲ್ಲ ಕೇಳಿದ ಮೇಲೆ ಅವರಿಗೆ ಹೊಳೆದದ್ದು ಇದು.

‘ದೇಶಕ್ಕ ದೇಶನೇ ಸಮ್ಮಿ ಮಾಡಾಕತ್ತದ. ನಾ ಮಾಡಬಾರದೇನು?’

ಇದನ್ನು ಓದುವವರಿಗೆ ಈಗ ಖುಷಿಯಾಗಬಹುದು. ನನಗೆ ಆಗಲಿಲ್ಲ, ಹೇಳಿಬಿಡುತ್ತೇನೆ. ನಾನು ಆ ಖೋಲಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ಸಾರಿಸಿದ್ದೆ. ಸಂಜೆ ಶಾಲೆಯಿಂದ ಬಂದು, ಬಾಗಿಲು ಹಾಕಿಕೊಂಡು, ಯಾರಿಗೂ ಉತ್ತರ ಕೊಡದೆ, ಬೇಕಾದರೆ ಉಂಡು, ಬೇಡವಾದರೆ ಹಾಗೇ ಮಲಗುವ ಖೋಲಿ ಅದು. ಅದರಲ್ಲಿ ಇನ್ನೊಬ್ಬರಿಗೆ ಜಾಗ ಇಟ್ಟಿರಲಿಲ್ಲ. ಬೇಡ ಎನ್ನಬೇಕಿತ್ತು. ಹೇಗೆ ಅನ್ನಲಿ? ಅವರ ದುಃಖ ಖರೇ ಇತ್ತು. ಅದು ಖರೇ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನನ್ನ ಕೈ ಅವರ ಕೈಯಲ್ಲಿತ್ತು, ಕೆಳಗೆ ಸುತ್ತಲೂ ನೀರಿತ್ತು, ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

‘ಹೂಂ ರಿ’ ಎಂದೆ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ನೀರೂ ಇಳಿಯಿತು. ಬಂದ ಹಾಗೆಯೇ, ಯಾರಿಗೂ ಹೇಳದೆ ಕೇಳದೆ. ಅತ್ತೆಯನ್ನು ಹಿಡಿದು ಹಾಸಿನ ಮೇಲೆ ಇಳಿಸಿಕೊಂಡೆವು. ಮುಂದಿನ ಮೂಲೆ ದಾಟಿ, ದಾರಿ ಹಿಡಿದು, ಒಂದೇ ಚಪ್ಪಲಿಯ ಇವರನ್ನು ಕುಂಟಿಸಿಕೊಂಡು, ಪ್ರದಕ್ಷಿಣೆ ಪೂರ್ತಿ ಮಾಡಿಯೇ ಗೇಟಿಗೆ ಬಂದೆವು. ಅತ್ತೆ ಗುಡ್ಡಕ್ಕೆ ಕೈ ಮುಗಿದರು. ಲಾಡ್ಜಿನ ಮ್ಯಾನೇಜರ್ ಸಮುದ್ರ ಚೆನ್ನಾಗಿ ಕಂಡಿತಾ ಎಂದು ಕೇಳಿದ. ಭಾಳ ಹತ್ತಿರದಿಂದ ಕಂಡಿತು ಎಂದೆ.

ಕೆಲವು ದಿನಗಳಲ್ಲಿ ಸಮ್ಮೆ ನಿಂತಿತು. ತಾಂಡೂರಿನಿಂದ ಜಹೀರಾಬಾದು, ಅಲ್ಲಿಂದ ನಾರಾಯಣಖೇಡಕ್ಕೆ ಬಸ್ಸು, ಮುಂದಕ್ಕೆ ಶೇರ್ ಆಟೋ. ಆಟೋದಲ್ಲಿ ಒಂಬತ್ತು ಜನ. ಅತ್ತೆ ನನ್ನ ಪಕ್ಕದಲ್ಲಿ, ಟ್ರಂಕು ತೊಡೆಯ ಮೇಲಿಟ್ಟುಕೊಂಡು, ಎರಡೂ ಕಡೆಯ ತೊಗರಿ ಹೊಲಗಳನ್ನು ನೋಡುತ್ತಿದ್ದರು. ಯಾರೋ ತೆಲುಗಿನಲ್ಲಿ ಎಲ್ಲಿಗೆ ಎಂದು ಕೇಳಿದ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, ತಮಗೆ ಅಲ್ಲಿನ ಶಾಲೆಯಲ್ಲಿ ನೌಕರಿ ಆಗಿದೆ ಎಂದು. ನನಗಲ್ಲ, ತಮಗೆ ಎಂದೇ ಹೇಳಿದರು.

ಅಪ್ಪ ನೋಡಿಟ್ಟ ಖೋಲಿ ಚಿಕ್ಕದು. ಬಾಗಿಲು ಹಿತ್ತಲ ಕಡೆಗಿತ್ತು, ಬೀದಿಯ ಕಡೆಗೆ ಒಂದೇ ಒಂದು ಕಿಟಕಿ. ನಾನು ಒಲೆ ಹೂಡುವಷ್ಟರಲ್ಲಿ ಅತ್ತೆ ಕಿಟಕಿಯ ಕೆಳಗೆ ತಮ್ಮ ಹಾಸಿಗೆ ಬಿಚ್ಚಿ, ಸರಳು ಹಿಡಿದುಕೊಂಡು ಕೂತಾಗಿತ್ತು. ಶಾಲೆ ಬಿಟ್ಟ ಮಕ್ಕಳು ಹೋಗುತ್ತಿದ್ದವು, ಎಮ್ಮೆಗಳು ಹೋಗುತ್ತಿದ್ದವು, ಇಡೀ ಊರು ಅವರಿಗೆ ಕಾಣುತ್ತಿತ್ತು. ಅವರು ನಗುತ್ತಿದ್ದರು, ಆ ನಗು ನಾನು ತಾಂಡೂರಿನಲ್ಲಿ ಒಂದು ದಿನವೂ ಕೇಳಿರಲಿಲ್ಲ. ನನಗೆ ಕಿಟಕಿ ಕಾಣುತ್ತಿರಲಿಲ್ಲ, ಅವರ ಬೆನ್ನು ಕಾಣುತ್ತಿತ್ತು.